ಚಿಲಕ ಹಾಕದ ಸಂಜೆ

“ನಿಮ್ಮ ತರಗತಿಯನ್ನ ಕೊನೆಗೆ ಇಟ್ಕೊಂಡಿದ್ದೀನಿ. ಇವತ್ತಿನ ಅತಿಥಿಗಳು ನಿಮಗೆ ಬಂದಿರೋ ದೇಶದಲ್ಲೇ ಇಪ್ಪತ್ತೆರಡು ವರ್ಷ ಇದ್ದು ಬಂದವರು,” ಎಂದರು ಮುಖ್ಯೋಪಾಧ್ಯಾಯಿನಿ.

ಸ್ಟೂಲಿನ ಮೇಲೆ ನಿಂತು ಗೋಡೆಗೆ ಬಣ್ಣದ ಕಾಗದ ಅಂಟಿಸುತ್ತಿದ್ದ ಆರನೇ ತರಗತಿಯ ಶಿಕ್ಷಕಿ ಕೆಳಗಿಳಿದಳು.

“ಯಾರು ಮೇಡಂ ಅವರು?”

“ನಮ್ಮ ಕಾರ್ಯದರ್ಶಿಗಳ ಅಣ್ಣ. ಕಾರ್ಯದರ್ಶಿಗಳು ಬೇಡ ಬೇಡ ಅಂದ್ರು, ನಾನೇ ಬಿಡಲಿಲ್ಲ. ಇದೊಂದು ಚೆನ್ನಾಗಿ ಮುಗಿಸಿ. ನಿಮ್ಮನ್ನ ಖಾಯಂ ಮಾಡೋ ವಿಷಯ ಆಮೇಲೆ ಮಾತಾಡೋಣ.”

ಆಕೆ ಮೂರು ವರ್ಷದಿಂದ ಅಲ್ಲಿ ತಾತ್ಕಾಲಿಕ. ಯಾರು ರಜೆ ಹಾಕಿದರೂ ಅವರ ತರಗತಿಗೆ ಆಕೆಯನ್ನೇ ಅಟ್ಟುತ್ತಿದ್ದರು. ಅದಕ್ಕೇ ಮಕ್ಕಳು ಇಟ್ಟ ಹೆಸರು ಕಡ ಮಿಸ್. ಈ ಹೆಸರು ಕಳಚಬೇಕಾದರೆ ಇವತ್ತಿನ ‘ದೇಶದೇಶಗಳ ಕ್ರಿಸ್ಮಸ್’ ಸ್ಪರ್ಧೆ ಗೆಲ್ಲಬೇಕು. ಗೆಲ್ಲುವುದಿರಲಿ, ಮಾನ ಉಳಿದರೆ ಸಾಕು ಎನ್ನುವಂತಾಗಿತ್ತು ಈಗ.

ಯಾವ ತರಗತಿಗೆ ಯಾವ ದೇಶವೆಂದು ಚೀಟಿ ಎತ್ತಿ ನಿರ್ಧಾರವಾಗಿತ್ತು. ನಾಲ್ಕನೆಯವರಿಗೆ ಮಕ್ಕಳು ಉಡುಗೊರೆಗೆಂದು ಬೂಟು ಹೊರಗಿಡುವ ದೇಶ ಸಿಕ್ಕಿತು, ಐದನೆಯವರಿಗೆ ಹಬ್ಬದ ಹಿಂದಿನ ದಿನ ಪೊರಕೆ ಬಚ್ಚಿಡುವ ದೇಶ. ಆರನೆಯವರಿಗೆ ಸಿಕ್ಕಿದ ದೇಶದ ಹೆಸರನ್ನು ಕಡ ಮಿಸ್ ಮೂರು ಸಲ ತಡವರಿಸಿ ಓದಿದ್ದಳು. ಕಂಪ್ಯೂಟರಿನಲ್ಲಿ ಹುಡುಕಿದರೆ ಬರೀ ಗುಡ್ಡ, ಗಣಿ, ಗಡಿ ಜಗಳ. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಕೂತು ದುರುಗುಟ್ಟುತ್ತಿತ್ತು. ಕೊನೆಗೆ, ತಪ್ಪೆಂದು ಗೊತ್ತಿದ್ದೂ, ಪದ್ಧತಿಯೊಂದನ್ನು ತಾನೇ ಹುಟ್ಟುಹಾಕಿಬಿಟ್ಟಳು.

ಹಬ್ಬದ ಸಂಜೆ ಆ ದೇಶದವರು ಮುಂಬಾಗಿಲಿಗೆ ಚಿಲಕ ಹಾಕುವುದಿಲ್ಲ. ಯಾರು ಬಂದರೂ ಕರೆದು ಕೂರಿಸುತ್ತಾರೆ. ಬಂದವರನ್ನು ‘ಇಷ್ಟು ದಿನ ಎಲ್ಲಿದ್ದೆ’ ಎಂದು ಮಾತ್ರ ಕೇಳಬಾರದು.

ಇದರ ಮೂಲ ಅವಳ ಮಾವನವರು. ಸೊಸೆ ಹತ್ತು ನಿಮಿಷ ತಡವಾಗಿ ಬಂದರೆ ಸಾಕು, ಚಪ್ಪಲಿ ಬಿಡುವ ಮೊದಲೇ ‘ಎಲ್ಲಿದ್ದೆ ಇಷ್ಟೊತ್ತು’ ಎಂದು ಶುರುಮಾಡುತ್ತಿದ್ದರು. ಅವರ ಮೇಲಿನ ಅವಳ ಸಿಟ್ಟು ಇಡೀ ದೇಶವೊಂದರ ಸಂಪ್ರದಾಯವಾಗಿ ಕೂತಿತ್ತು.

ಅತಿಥಿಗಳು ಬಂದರು. ಎತ್ತರದ ಆಳು, ಹೊಚ್ಚ ಹೊಸ ಕೋಟು. ಸಭಾಂಗಣದ ಬಾಗಿಲನ್ನು ಚಿಲಕ ಹಾಕದೆ ಬರೀ ಮುಂದಕ್ಕೆಳೆದಿದ್ದರು. ಆದರೂ ಕಾರ್ಯದರ್ಶಿ ಬಂದು ತೆರೆಯುವವರೆಗೆ ಅವರು ಅದರ ಮುಂದೆ ಸುಮ್ಮನೆ ನಿಂತಿದ್ದರು. ದೊಡ್ಡವರ ರೀತಿಯೇ ಬೇರೆ ಎಂದುಕೊಂಡಳು ಕಡ ಮಿಸ್.

ಮುಖ್ಯೋಪಾಧ್ಯಾಯಿನಿ ಬಿಸ್ಕತ್ತಿನ ತಟ್ಟೆ ಮುಂದಿಟ್ಟರು. ಉಳಿದವರು ಕಪ್ಪು ಎತ್ತುವಷ್ಟರಲ್ಲಿ ಅತಿಥಿಗಳ ಚಹಾ, ಬಿಸ್ಕತ್ತು ಎರಡೂ ಖಾಲಿ.

“ಅಲ್ಲಿ ಊಟ ತಿಂಡಿ ಹೇಗೆ ಸರ್?”

“ಹೊತ್ತಿಗೆ ಸರಿಯಾಗಿ ಕೊಡ್ತಿದ್ರು.”

“ಏನು ಕೆಲಸ ಮಾಡ್ತಿದ್ರಿ?”

“ಮೊದಲು ಮರಗೆಲಸ. ಆಮೇಲೆ ಬಟ್ಟೆ ಒಗೆಯೋದು.”

“ದೊಡ್ಡ ಕಂಪನಿಗಳು, ಮೇಡಂ. ಅಣ್ಣ ತಮಾಷೆ ಮಾಡ್ತಾನೆ,” ಎಂದು ಕಾರ್ಯದರ್ಶಿ ನಡುವೆ ಬಾಯಿ ಹಾಕಿದರು. ಮುಖ್ಯೋಪಾಧ್ಯಾಯಿನಿ ನಕ್ಕರು. ಕಡ ಮಿಸ್‌ಗೆ ನಗು ಬರಲಿಲ್ಲ. ಇಪ್ಪತ್ತೆರಡು ಕ್ರಿಸ್ಮಸ್ ಕಂಡು ಬಂದ ಮನುಷ್ಯ ಇವರು.

ಬೂಟುಗಳಾದವು, ಪೊರಕೆಗಳಾದವು. ಅವಧಿಯ ಗಂಟೆ ಬಾರಿಸಿದಾಗ ಅತಿಥಿಗಳು ಥಟ್ಟನೆ ಎದ್ದು ಕೈ ಇಳಿಬಿಟ್ಟು ನೆಟ್ಟಗೆ ನಿಂತರು. ಹೊರಟೇಬಿಟ್ಟರೇನೋ ಎಂದು ಕಡ ಮಿಸ್‌ಗೆ ಒಂದು ಗಳಿಗೆ ಹಿತವೆನಿಸಿತು. ಕಾರ್ಯದರ್ಶಿ ಕೋಟು ಹಿಡಿದು ಮತ್ತೆ ಕೂರಿಸಿದರು.

ಆರನೇ ತರಗತಿಯ ಸರದಿ. ರಟ್ಟಿನ ಮನೆ, ಅರೆ ತೆರೆದ ಬಾಗಿಲು. ಎರಡು ಜಡೆಯ ಹುಡುಗಿ ಕಂಬಳಿ ಹೊದ್ದು ಒಳಗೆ ಬಂದಳು. ಮನೆಯವರು ಜಾಗ ಬಿಟ್ಟು ಕೂರಿಸಿದರು, ತಟ್ಟೆ ಇಟ್ಟರು. ಒಬ್ಬರೂ ಏನೂ ಕೇಳಲಿಲ್ಲ. ಅಷ್ಟಕ್ಕೇ ಮುಗಿಯಬೇಕಿತ್ತು. ಆ ಹುಡುಗಿ ಸುಮ್ಮನಿರದೆ ಸೀದಾ ಅತಿಥಿಗಳ ಎದುರು ಬಂದು ನಿಂತಳು.

“ನೀವಿದ್ದ ಕಡೆನೂ ಹೀಗೇ ಬಾಗಿಲು ತೆಗೆದಿಡ್ತಿದ್ರಾ ಸರ್?”

ಕಡ ಮಿಸ್ ಕೈಸನ್ನೆ ಮಾಡಿ ಅವಳನ್ನು ಹಿಂದಕ್ಕೆ ಕರೆದಳು.

“ಇಲ್ಲಮ್ಮ. ನಾನಿದ್ದ ಕಡೆ ಹಾಗಿರಲಿಲ್ಲ.”

“ಅಲ್ಲಿ ವಿಪರೀತ ಚಳಿ,” ಎಂದರು ಕಾರ್ಯದರ್ಶಿ.

ಮುಖ್ಯೋಪಾಧ್ಯಾಯಿನಿಯ ಹುಬ್ಬು ಗಂಟಿಕ್ಕಿತು. “ಏನಿದು ಮಿಸ್? ನಿಜವಾದ ಪದ್ಧತಿ ತಾನೇ?”

ತಪ್ಪೊಪ್ಪಿಕೊಳ್ಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅತಿಥಿಗಳು ಎದ್ದು ನಿಂತರು. ಕಣ್ಣು ಒದ್ದೆಯಾಗಿತ್ತು.

“ನಿಜವೇ ಮೇಡಂ. ಊರೊಳಗೆ ಹೀಗೇ ಮಾಡ್ತಾರೆ. ಬಂದವರನ್ನ ಏನೂ ಕೇಳಲ್ಲ, ಕೂರಿಸಿ ಊಟಕ್ಕೆ ಬಡಿಸ್ತಾರೆ. ನಾನೇ ನೋಡಿದ್ದೀನಿ.” ಆಮೇಲೆ ಕಡ ಮಿಸ್ ಕಡೆ ತಿರುಗಿ, “ಇದನ್ನ ಇಲ್ಲಿ ನೋಡ್ತೀನಿ ಅಂತ ಅಂದುಕೊಂಡಿರಲಿಲ್ಲ ತಾಯಿ,” ಎಂದರು.

ಮೊದಲ ಬಹುಮಾನ ಆರನೇ ತರಗತಿಗೆ ಬಂತು. ಸೋಮವಾರ ಬಂದು ಆರ್ಡರ್ ತೆಗೆದುಕೊಳ್ಳಿ ಎಂದರು ಮುಖ್ಯೋಪಾಧ್ಯಾಯಿನಿ. ಕಡ ಮಿಸ್‌ಗೆ ಸಂತೋಷವಾಯಿತು, ಆದರೆ ನೆಮ್ಮದಿಯಾಗಲಿಲ್ಲ. ತಾನು ಕಟ್ಟಿದ ಸುಳ್ಳು ಎಲ್ಲೋ ಒಂದು ದೇಶದಲ್ಲಿ ನಿಜವಾಗಿದ್ದದ್ದು ಹೇಗೆ ಎಂದು ಕಾಗದ ಕೀಳುತ್ತಲೇ ತಲೆ ಕೆಡಿಸಿಕೊಂಡಳು.

ಕಾರು ಶಾಲೆಯ ಗೇಟು ದಾಟಿತು. ಒಳಗೆ ಅಣ್ಣ ತಮ್ಮ ಇಬ್ಬರೇ ಇದ್ದರೂ ಕಾರ್ಯದರ್ಶಿ ದನಿ ತಗ್ಗಿಸಿಯೇ ಕೇಳಿದರು.

“ಅಲ್ಲ ಅಣ್ಣ, ನೋಡಿದ್ದೀನಿ ಅಂತ ಯಾಕೆ ಹೇಳಿದೆ? ಇಪ್ಪತ್ತೆರಡು ವರ್ಷದಲ್ಲಿ ನಿನ್ನನ್ನ ಆ ಜೈಲಿನಿಂದ ಒಂದು ದಿನಾನೂ ಆಚೆ ಬಿಟ್ಟಿರಲಿಲ್ಲವಲ್ಲ.”