‘ನೇ’ ಅಂದ್ರೆ ಹೂಂ

“ಕೋಟೆ ಆಮೇಲೆ ನೋಡುವಿಯಂತೆ, ಅದು ಎಲ್ಲಿಗೂ ಓಡಿಹೋಗಲ್ಲ, ಮೊದಲು ಇದನ್ನ ಕಲಿ ಮಗಳೇ,” ಬಾಡಿಗೆ ಕೋಣೆಯ ಬೀಗದಕೈಯನ್ನು ಕೊಡದೆ ಹಿಡಿದುಕೊಂಡೇ ಥೆಕ್ಲಾ ಅಜ್ಜಿ ಹೇಳಿದಳು. “ನಮ್ಮ ಕೊರ್ಫು ದ್ವೀಪದಲ್ಲಿ, ಗ್ರೀಕ್ ಮಾತಲ್ಲಿ, ‘ನೇ’ ಅಂದ್ರೆ ಹೂಂ ಅಂತ.”

ದುಬ್ರೋವ್ನಿಕ್‌ನಿಂದ ಮೊದಲ ಸಲ ಬಂದಿದ್ದ ಹುಡುಗಿ ನಕ್ಕುಬಿಟ್ಟಳು. “ಅಯ್ಯೋ ಅಜ್ಜೀ, ನಮ್ಮೂರಲ್ಲಿ ‘ನೇ’ ಅಂದ್ರೆ ಇಲ್ಲ ಅಂತ!”

“ಗೊತ್ತು ಕಣೇ, ಈಗ ಗೊತ್ತು.” ಅಜ್ಜಿಯ ಕಣ್ಣು ಕಿಟಕಿಯಾಚೆಯ ಹಡಗುಕಟ್ಟೆಗೆ ಹೋಯಿತು. ಹರೆಯದಲ್ಲಿ ಅಲ್ಲೇ, ಈ ಹುಡುಗಿಯ ಊರಿನವನೇ ಆದ ಲುಕ್ಷಾ, ಗ್ರೀಕ್ ಬಾರದೆ, ಹಡಗಿನತ್ತ ಕೈ ತೋರಿಸಿ ‘ನನ್ನ ಜೊತೆ ಬರ್ತೀಯಾ’ ಎಂದು ಸನ್ನೆಯಲ್ಲೇ ಕೇಳಿದ್ದ. ಥೆಕ್ಲಾ ನಾಚುತ್ತ “ನೇ” ಎಂದಿದ್ದಳು. ಅವನು ಅವಳ ಕೈಯನ್ನೊಮ್ಮೆ ಒತ್ತಿ ಹೊರಟುಹೋದ. ತನಗೂ ಟಿಕೆಟ್ ತರಲು ಹೋದನೆಂದುಕೊಂಡು, ಹಡಗಿನ ಹಗ್ಗ ಬಿಚ್ಚುವವರೆಗೂ ಅವಳು ಜಡೆ ಸರಿಮಾಡಿಕೊಳ್ಳುತ್ತ ನಿಂತೇ ಇದ್ದಳು.