ಗೆದ್ದ ಚೆಂಡು

ಕುರುಗೋಡಿನ ಮೈದಾನದಲ್ಲಿ ಫುಟ್‌ಬಾಲ್ ಫೈನಲ್ ಸಮಸಮವಾಗಿ ಮುಗಿದಿತ್ತು. ಇನ್ನು ಪೆನಾಲ್ಟಿಯಲ್ಲೇ ತೀರ್ಮಾನ. ಬಳ್ಳಾರಿಯ ಹಳೇ ಆಟಗಾರರ ತಂಡದ ಗೋಲ್‌ಕೀಪರ್ ಹೊನ್ನೂರಸ್ವಾಮಿ ಗೋಲಿನ ಕಂಬಕ್ಕೆ ಒರಗಿ ಮೊಬೈಲ್ ನೋಡುತ್ತಿದ್ದ.

“ಲೇ ಹೊನ್ನೂರಾ, ಸಿರುಗುಪ್ಪದವ್ರು ಹೊಡ್ಯಾಕ ರೆಡಿ ಆಗ್ಯಾರ. ನೀ ಏನ್ ಪಿಚ್ಚರ್ ನೋಡಾಕತ್ತೀಯೋ?” ಏದುಸಿರು ಬಿಡುತ್ತ ದೊಡ್ಡಬಸವರಾಜ ಬಂದ. ಪಾರ್ವತಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟವನು. ತಂಡಕ್ಕೆ ಅಂದೂ ಇಂದೂ ಅವನೇ ಕ್ಯಾಪ್ಟನ್.

“ಚೀನಾದ ಗೋಲ್‌ಕೀಪರ್ ರೀ ಬಸಣ್ಣ. ರಿಟೈರ್ ಆದ. ಅವನೂ ನಾನೂ ಒಂದೇ ವರ್ಷದಾಗ ಗೋಲಿಗೆ ನಿಲ್ಲಾಕ ಸುರು ಮಾಡಿದವ್ರು.”

ಕರೂರಿನ ಗದ್ದೆಗಳಲ್ಲಿ ಕೂಲಿ ಮುಗಿಸಿ, ಬಸ್ಸು ಹಿಡಿದು ಬಳ್ಳಾರಿಗೆ ಆಡಲು ಬರುತ್ತಿದ್ದ ಕಾಲದಿಂದಲೂ ಹೊನ್ನೂರಸ್ವಾಮಿ ಆ ಚೀನಾದವನ ಬೆನ್ನು ಬಿಟ್ಟಿರಲಿಲ್ಲ. ಮೊದಲು ಟೀವಿಯಲ್ಲಿ, ಆಮೇಲೆ ಮೊಬೈಲಿನಲ್ಲಿ. ಅವನು ವರ್ಷಗಟ್ಟಲೆ ಅವಕಾಶ ಸಿಗದೆ ಹೊರಗೆ ಕೂತದ್ದು, ಸಿಕ್ಕಾಗ ಒಂದೇ ಪಂದ್ಯದಲ್ಲಿ ಐದು ಗೋಲು ಬಿಟ್ಟು ತನ್ನವರಿಂದಲೇ ಉಗಿಸಿಕೊಂಡದ್ದು, ಬೆರಳು ಮುರಿದುಕೊಂಡದ್ದು, ಮತ್ತೆ ಬಂದು ಅದೇ ಕ್ಲಬ್ಬಿಗೆ ಕಪ್ ಗೆದ್ದುಕೊಟ್ಟದ್ದು, ಎಲ್ಲ ಗೊತ್ತು. ಅವನು ಗೋಲು ಬಿಟ್ಟ ದಿನ ಇವನಿಗೆ ಒಳಗೊಳಗೇ ಖುಷಿ. ಅವನು ಗೆದ್ದ ದಿನ ಅನ್ನ ಸೇರುತ್ತಿರಲಿಲ್ಲ.

ಈಗ ಮೊಬೈಲಿನಲ್ಲಿ ತಂಡದವರೆಲ್ಲ ಸೇರಿ ಆ ಎತ್ತರದ ಮನುಷ್ಯನನ್ನು ಮೇಲಕ್ಕೆ ಎಸೆದು ಎಸೆದು ಹಿಡಿಯುತ್ತಿದ್ದರು. ಕಂಕುಳಲ್ಲಿ, ಬೆನ್ನಿಗೆ, ತೊಡೆಗೆ, ಎಲ್ಲೆಲ್ಲೂ ಕೈಗಳು.

“ಐದು ಗೋಲು ತಿಂದಾನಂತ ನೀನ ಹೇಳಿದವನ್ನ ಎತ್ತಿ ಕುಣೀತಾರಲ್ಲಲೇ!” ದೊಡ್ಡಬಸವರಾಜ ನಕ್ಕ. “ಅವನ ಸಂಬಳಕ್ಕ ನಿನಗ ಹೊಟ್ಟಿ ಉರೀತೈತೇನು?”

“ಸಂಬಳ ಮಣ್ಣಾಗ ಹೋಗ್ಲಿ. ಆ ಕೈಗಳಿಗೆ ಉರೀತೈತ್ರಿ.”

“ಯಾವ ಕೈಲೇ?”

“ನಾವು ಹುಡುಗರಿದ್ದಾಗಿನ ಬಳ್ಳಾರಿ ಫೈನಲ್ ನೆನಪೈತಾ? ಪೆನಾಲ್ಟಿ ಹಿಡದಿದ್ದೆ. ಎಲ್ಲಾರೂ ನನ್ನ ಕಡಿಗೇ ಓಡಿ ಬಂದ್ರಿ. ಬಂದವ್ರು ಮಾರು ದೂರ ನಿಂತ್ರಿ. ಬಾಲು ಇಸಗೊಂಡು ಅದಕ್ಕ ಮುದ್ದು ಕೊಟ್ರಿ, ಹಾರ ಹಾಕಿದ್ರಿ, ತಲಿ ಮ್ಯಾಲ ಹೊತ್ತು ಮೆರೆಸಿದ್ರಿ. ಚರ್ಮದ ಬಾಲು ರೀ ಬಸಣ್ಣ! ನಮ್ಮಪ್ಪ ಕೂತು ಚಪ್ಪಲಿ ಹೊಲೀತಿದ್ದನಲ್ಲ, ಅಂಥದೇ ಚರ್ಮ. ಅದನ್ನ ಮುಟ್ಟಾಕ ಯಾರಿಗೂ ಹೇಸಿಗಿ ಆಗಲಿಲ್ಲ ನೋಡ್ರಿ.”

ಗೆದ್ದ ಚೆಂಡಿಗೆ ಹಾರ ಹಾಕಿ ವೇದಿಕೆಯವರೆಗೆ ಹೊತ್ತೊಯ್ಯುವುದು ತಂಡದ ಹಳೇ ಪದ್ಧತಿ. ಇವತ್ತೂ ಗೆಲ್ಲುವ ಮೊದಲೇ ಸೇವಂತಿಗೆ ಹಾರ ಬಂದು ಕೂತಿತ್ತು.

“ಆ ಕಾಲ ಬ್ಯಾರೆ ಬಿಡಲೇ. ಈಗ ಯಾರ್ ಮಾಡ್ತಾರ ಅವೆಲ್ಲಾ?” ದೊಡ್ಡಬಸವರಾಜ ಬೇರೆ ಕಡೆ ನೋಡಿದ.

“ಹಂಗಾರ ಇವತ್ತು ನೋಡೂಣು ತಗೋರಿ,” ಎಂದು ಹೊನ್ನೂರಸ್ವಾಮಿ ಗೋಲಿನ ನಡುವೆ ಹೋಗಿ ನಿಂತ.

ಕೊನೆಯ ಪೆನಾಲ್ಟಿ ಸಿರುಗುಪ್ಪದ ಹುಲುಗೇಶನದು. ಹಿಡಿದರೆ ಬಳ್ಳಾರಿಗೆ ಕಪ್. ಹುಲುಗೇಶ ಬೀಸಿ ಒದ್ದ. ಹೊನ್ನೂರಸ್ವಾಮಿ ಎಡಕ್ಕೆ ಹಾರಿ ಬಿದ್ದ. ಚೆಂಡು ಎದೆಯ ಮೇಲಿತ್ತು.

ಶಿಳ್ಳೆ, ಕೂಗು. ತಂಡದವರೆಲ್ಲ ತೋಳು ಚಾಚಿ ಓಡಿ ಬಂದರು. ಬಂದು, ಮಾರು ದೂರದಲ್ಲಿ ನಿಂತರು.

“ಶಹಬ್ಬಾಸ್ ಲೇ ಹುಲಿ!” ದೊಡ್ಡಬಸವರಾಜ ಹಾರ ಹಿಡಿದು ಬಗ್ಗಿದ. “ಕೊಡು, ಬಾಲು ಕೊಡು.”

ಹೊನ್ನೂರಸ್ವಾಮಿ ಏಳಲಿಲ್ಲ. ಮಂಡಿ ಮಡಚಿ, ಎರಡೂ ತೋಳಿಂದ ಚೆಂಡನ್ನು ಎದೆಗೆ ಅವುಚಿಕೊಂಡ.

“ಕೊಡಂಗಿಲ್ಲ ಬಸಣ್ಣ. ಬೇಕಂದ್ರ ನನ್ನ ಕೂಡೇ ಎತ್ತಗೋರಿ.”

ವೇದಿಕೆಯಿಂದ ಮೈಕಿನಲ್ಲಿ ಬಳ್ಳಾರಿ ತಂಡವನ್ನು ಕರೆಯುತ್ತಲೇ ಇದ್ದರು. ಮೈ ತಾಗದಂತೆ ಚೆಂಡೊಂದನ್ನೇ ಕಿತ್ತುಕೊಳ್ಳಲು ಸಂದಿ ಹುಡುಕುತ್ತ, ದೊಡ್ಡಬಸವರಾಜನ ಕೈ ಗಾಳಿಯಲ್ಲೇ ತಡವರಿಸುತ್ತಿತ್ತು.