ಬೈಯುವವರು ಬೇಕಾಗಿದ್ದಾರೆ

ಉರುಕುಂದಪ್ಪನವರ ಪುಸ್ತಕ ಸುಟ್ಟವರು ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಹಾರಿಕಾ ಕೇಳಿದ್ದಕ್ಕೆ, ಚಹಾ ಅಂಗಡಿಯವನು ಯಾವ ಪುಸ್ತಕ ಎಂದು ತಿರುಗಿ ಕೇಳಿದ.

ಗಡಿಯಾಚೆ ಆಂಧ್ರದಲ್ಲಿರುವ ಕೋಸಗಿಯಲ್ಲಿ ಎಲ್ಲಿ ಹೋದರೂ ಇದೇ ಉತ್ತರ. ಲೇಖಕರ ಮೇಲೆ ಸಾಕ್ಷ್ಯಚಿತ್ರ ಮಾಡಲು ಅವಳು ಬಳ್ಳಾರಿಯಿಂದ ಕ್ಯಾಮೆರಾಮನ್ ಸೋಮೇಶನ ಜೊತೆ ಬಂದಿದ್ದಳು. ಉರುಕುಂದಪ್ಪ ಒಂದು ಕಾಲದಲ್ಲಿ ಮೇಷ್ಟರ ಕೆಲಸ ಬಿಟ್ಟು, ಗಾಂಜಾ ಸೇದುವ ಸಾಧುಗಳ ಜೊತೆ ತುಂಗಭದ್ರೆಯ ದಂಡೆಯಲ್ಲಿ ಅಲೆದವರು. ದೇವರು, ಜಾತಿ, ಮದುವೆ ಎಲ್ಲವನ್ನೂ ಉಗಿದು ಕನ್ನಡದಲ್ಲಿ ಕಾದಂಬರಿ ಬರೆದವರು. ಸುತ್ತಲಿನ ಊರವರು ಆದೋನಿಯ ಬಜಾರಿನಲ್ಲಿ ಅದನ್ನು ರಾಶಿ ಹಾಕಿ ಸುಟ್ಟು, ಅವರ ಮುಖಕ್ಕೆ ಸಗಣಿ ಬಳಿದಿದ್ದರು.

ಸುಟ್ಟವರು ಈಗ ಸತ್ತಿದ್ದರು. ಉಳಿದ ಮನೆಗಳಿಗೆ ಬೀಗ. ಜನ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದರು. ಶಾಲೆಯ ಹುಡುಗರಿಗೆ ತೆಲುಗು ಬಿಟ್ಟರೆ ಬೇರೆ ಅಕ್ಷರ ಬಾರದು.

ಇತ್ತ ಮನೆಯಲ್ಲಿ ಚಿತ್ರೀಕರಣಕ್ಕೆ ಕೂತ ಮುದುಕ ಉರುಕುಂದಪ್ಪನವರು ದಿನದಿನಕ್ಕೂ ಸಿಡುಕತೊಡಗಿದರು. ಕೇಳಿದ್ದಕ್ಕೆಲ್ಲ ಗೊಣಗಿದರು. ಕೊನೆಗೆ ಮೈಕ್ ಕಿತ್ತು ಮಂಚದ ಮೇಲೆ ಎಸೆದರು.

"ಬೈದ್ರ ಓದ್ಯಾರ ಅಂತ ಅರ್ಥ ತಂಗಿ. ಈಗ ಬೈಯೋರ ಇಲ್ಲ. ಯಾರಿಗೆ ತೋರಸ್ತಿ ಈ ಫಿಲ್ಮು?"

ನಿರ್ಮಾಪಕ ಲಕ್ಷ್ಮಿಕಾಂತ್ ಫೋನಿನಲ್ಲಿ ಇನ್ನೊಂದು ರಾಗ ಹಾಡಿದ. ಜಗಳವಿಲ್ಲದ ಚಿತ್ರ ಯಾರೂ ನೋಡುವುದಿಲ್ಲ, ಇಲ್ಲದಿದ್ದರೆ ಹುಟ್ಟಿಸು ಎಂದ. ಅಂಥ ಕೆಲಸ ತನ್ನಿಂದಾಗದೆಂದು ಹಾರಿಕಾ ಫೋನು ಇಟ್ಟಳು.

ಉಳಿದವಳು ಲೇಖಕರ ಹೆಂಡತಿ ಬಸವಕ್ಕ. ಇವರು ಬಂದ ದಿನದಿಂದಲೂ ಅವಳು ಚಹಾ ಲೋಟವನ್ನು ಕುಕ್ಕಿಯೇ ಇಡುತ್ತಿದ್ದಳು. ಕ್ಯಾಮೆರಾದ ಮುಂದೆ ನೀವಾದರೂ ಮಾತಾಡಿ ಎಂದು ಹಾರಿಕಾ ಬೇಡಿಕೊಂಡಳು.

"ಆ ಪುಸ್ತಕದಿಂದ ನನಗ ತವರುಮನಿ ಬಾಗಿಲು ಮುಚ್ಚಿತ್ತವ್ವ. ಅಣ್ಣದೇರು ಸಾಯೋತನಕ ಮಾತಾಡಸಲಿಲ್ಲ. ನಾ ಏನ್ ಹೇಳ್ಲಿ? ಬೈಯೋರು ಬೇಕಂದ್ರ ಸಿಗತಾರ ತಗೋ."

ಅಷ್ಟು ಹೇಳಿ ಚೀಲ ಹಿಡಿದು ಹತ್ತಿರದ ಊರು ಹಾಲಹರವಿಯ ಬಸ್ಸು ಹತ್ತಿದಳು. ಮರುದಿನ ಸಂಜೆ ಮರಳಿದಾಗಲೂ ಮುಖ ಬಿಗಿದೇ ಇತ್ತು.

ಬೆಳಿಗ್ಗೆ ಬೀದಿಯಲ್ಲಿ ಕೂಗಾಟ. ಗಂಡಸರು, ಹೆಂಗಸರು ಸೇರಿ ಒಂದು ಗುಂಪೇ ಬಂದಿತ್ತು. ಕೈಗಳಲ್ಲಿ ತೆಲುಗಿನಲ್ಲಿ ಘೋಷಣೆ ಬರೆದ ರಟ್ಟುಗಳಿದ್ದವು. ಹೆಗಲಿಗೆ ಕಂಬಳಿ ಹಾಕಿದ್ದ ಕುರಿಗಾರ ಸುಂಕಪ್ಪ ಮುಂದಿದ್ದ. ಅವನ ಕೈಯಲ್ಲಿ ಕಾದಂಬರಿ, ಅದೂ ತಲೆಕೆಳಗಾಗಿ. ಎಲ್ಲರೂ ಗೇಟಿನ ಬಳಿ ಚಪ್ಪಲಿ ಬಿಟ್ಟು ಅಂಗಳಕ್ಕೆ ನುಗ್ಗಿದರು.

"ಧರ್ಮ ಕೆಡಿಸೀರಿ ನೀವು! ಹೊರಗ ಬರ್ರಿ!"

ಉರುಕುಂದಪ್ಪ ಬಂದರು. ಕೋಲು ಮರೆತು ಬಂದರು. ಯಾವ ಪುಟದಲ್ಲಿ ಧರ್ಮ ಕೆಟ್ಟಿತು ತೋರಿಸು ಎಂದು ಗದರಿದರು. ಕನ್ನಡದಲ್ಲಿ ಬೈದರು, ಅರ್ಥವಾಗದವರಿಗೆ ತೆಲುಗಿನಲ್ಲಿ ಬೈದರು. ಸುಂಕಪ್ಪ ಒಂದು ಮಾತೆಂದರೆ ಅವರು ಹತ್ತು ಆಡಿದರು. ಗುಂಪು ತಲೆ ತಗ್ಗಿಸಿ, ಇದು ಇಲ್ಲಿಗೆ ಮುಗಿಯಲಿಲ್ಲ ಎನ್ನುತ್ತ ಹಿಂದೆ ಸರಿಯಿತು. ಸೋಮೇಶ ಕ್ಯಾಮೆರಾ ಇಳಿಸಲೇ ಇಲ್ಲ.

ಮುದುಕರು ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು ಬಂದು ತಾವೇ ಮೈಕ್ ಸಿಕ್ಕಿಸಿಕೊಂಡರು. ಮಧ್ಯಾಹ್ನದವರೆಗೆ ಮಾತು ನಿಲ್ಲಲಿಲ್ಲ. ನಡುನಡುವೆ ನಕ್ಕರು ಕೂಡ.

ಹಾರಿಕಾಳಿಗೆ ಸಮಾಧಾನವಿರಲಿಲ್ಲ. ಈ ಗುಂಪನ್ನು ನೀನೇ ಕಳಿಸಿದೆಯಾ ಎಂದು ಸಿಟ್ಟಿನಿಂದ ಲಕ್ಷ್ಮಿಕಾಂತನಿಗೆ ಫೋನು ಮಾಡಿದಳು. ಅವನು ತಾನಲ್ಲವೆಂದು ತಾಯಿಯ ಮೇಲೆ ಆಣೆ ಇಟ್ಟ. ಹಾಗಾದರೆ ಇನ್ಯಾರು? ಬಸವಕ್ಕ ಹಾಲಹರವಿಗೆ ಹೋಗಿ ಬಂದದ್ದು ನೆನಪಾಗಿ ಅವಳ ಮೈ ಉರಿಯಿತು. ಇಷ್ಟು ವರ್ಷದ ಹಗೆಗೆ, ಈ ವಯಸ್ಸಿನ ಗಂಡನ ಮೇಲೆ ಜನರನ್ನು ಛೂ ಬಿಡುವುದೇ? ಕೇಳಿಯೇ ಬಿಡುತ್ತೇನೆ ಎಂದು ಹಿತ್ತಲಿಗೆ ನಡೆದಳು.

ಹಿತ್ತಲಲ್ಲಿ ಬೆಳಗಿನ ಗುಂಪು ಸಾಲಾಗಿ ಉಣ್ಣಲು ಕೂತಿತ್ತು. ಬಸವಕ್ಕ ಸುಂಕಪ್ಪನ ತಾಟಿಗೆ ರೊಟ್ಟಿ ಹಾಕುತ್ತ, ಒಳಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳುತ್ತಿದ್ದಳು:

"ಬಾಳ ದಿನಕ್ಕ ನಕ್ಕಾರಪ್ಪ ಅವರು. ಮುಂದಿನ ತಿಂಗಳ ಮತ್ತೊಮ್ಮಿ ಬಂದು ಬೈದು ಹೋಗ್ರಿ."